ಅಂಗಿಯ ಮೇಲೆ ಚಿತ್ರ ಅಚ್ಚು ಹಾಕುವ ಯಂತ್ರ: ಕೊಳ್ಳುವ ಮುಂಚೆ ಒಂದಿಷ್ಟು ಲೆಕ್ಕಾಚಾರ

ಮನೆಯಲ್ಲಿ ಕುಳಿತೇ ನಾಲ್ಕು ಕಾಸು ಸಂಪಾದಿಸಬೇಕು ಎಂಬ ಆಸೆ ಯಾವ ಗೃಹಿಣಿಗೆ ತಾನೇ ಇಲ್ಲ? ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸೀರೆಗೆ ಫಾಲ್ ಹಚ್ಚುವುದು, ಕುಚ್ಚು ಕಟ್ಟುವುದು ಇವೆಲ್ಲ ನಮ್ಮ ಊರುಗಳಲ್ಲಿ ಮೊದಲಿನಿಂದಲೂ ನಡೆದು ಬಂದಿರುವ ಕಸುಬುಗಳು. ಈಗ ಅವುಗಳ ಸಾಲಿಗೆ ಇನ್ನೊಂದು ಸೇರಿಕೊಂಡಿದೆ. ಕೇಳಿದವರಿಗೆ ಕೇಳಿದ ಚಿತ್ರ, ಹೆಸರು, ಬರಹ ಹಾಕಿ ಟೀ ಶರ್ಟ್ ಮಾಡಿಕೊಡುವುದು. ಮಗುವಿನ ಮೊದಲ ಹುಟ್ಟುಹಬ್ಬಕ್ಕೆ ಅಪ್ಪ, ಅಮ್ಮ, ಮಗು ಮೂವರಿಗೂ ಒಂದೇ ಥರದ ಅಂಗಿ ಬೇಕು. ಗಣೇಶನ ಹಬ್ಬಕ್ಕೆ ಬೀದಿಯ ಹುಡುಗರ ಸಂಘಕ್ಕೆ ಇಪ್ಪತ್ತೈದು ಬೇಕು. ನವೆಂಬರ್ ಬಂತೆಂದರೆ ರಾಜ್ಯೋತ್ಸವಕ್ಕೆ ಹಳದಿ, ಕೆಂಪು ಅಂಗಿಗಳು. ಕಾಲೇಜಿನ ಬೀಳ್ಕೊಡುಗೆ, ಜಾತ್ರೆಯ ಸ್ವಯಂಸೇವಕರು, ಮದುವೆಯ ಅರಿಶಿನ ಶಾಸ್ತ್ರ, ಎಲ್ಲದಕ್ಕೂ ಈಗ ಅಂಗಿ ಅಚ್ಚು ಹಾಕಿಸುವ ರೂಢಿ ಬಂದುಬಿಟ್ಟಿದೆ.

ಗಿರಾಕಿ ಇದ್ದಾರೆ ಅನ್ನೋದು ನಿಜ. ಆದರೆ ಯಂತ್ರ ಮಾರುವವರ ಮಾತು ಕೇಳಿದರೆ, ಪೆಟ್ಟಿಗೆ ಬಿಚ್ಚಿದ ಮರುದಿನದಿಂದಲೇ ಹಣ ಸುರಿಯುತ್ತದೆ ಎಂಬ ಭ್ರಮೆ ಹುಟ್ಟುತ್ತದೆ. ಕೊರಳಿನ ಸರ ಅಡ ಇಟ್ಟು ತಂದ ಯಂತ್ರ ಹಳೇ ಬೆಡ್‌ಶೀಟು ಹೊದ್ದು ಮೂಲೆಯಲ್ಲಿ ಕೂತರೆ, ಬಡ್ಡಿ ಮಾತ್ರ ಕೂರುವುದಿಲ್ಲ. ಆದ್ದರಿಂದ ಈ ಯಂತ್ರದ ಸ್ವಭಾವ ಏನು, ಅದು ಯಾರಿಗೆ ಒಗ್ಗುತ್ತದೆ, ಯಾರಿಗೆ ಒಗ್ಗುವುದಿಲ್ಲ ಎಂಬುದನ್ನು ಮೊದಲು ತಿಳಿದುಕೊಳ್ಳೋಣ.

ಏನಿದು ಡಿಟಿಜಿ?

ಡೈರೆಕ್ಟ್ ಟು ಗಾರ್ಮೆಂಟ್ ಎಂಬುದನ್ನು ಮೊಟಕು ಮಾಡಿ ಡಿಟಿಜಿ ಅನ್ನುತ್ತಾರೆ. ಕಾಗದದ ಮೇಲೆ ಶಾಯಿ ಚಿಮುಕಿಸುವ ಪ್ರಿಂಟರನ್ನು ನೀವು ನೋಡಿರುತ್ತೀರಿ. ಇದೂ ಅದರ ಅಣ್ಣನೇ. ಕಾಗದದ ಜಾಗದಲ್ಲಿ ಒಂದು ಹಲಗೆ ಇರುತ್ತದೆ, ಅದಕ್ಕೆ ಪ್ಲೇಟನ್ ಎಂದು ಹೆಸರು. ದಿಂಬಿಗೆ ಗವಸು ತೊಡಿಸಿದ ಹಾಗೆ ಅಂಗಿಯನ್ನು ಅದಕ್ಕೆ ತೊಡಿಸಿ ಸುಕ್ಕಿಲ್ಲದಂತೆ ಎಳೆದರೆ, ಹಲಗೆ ಒಳಕ್ಕೆ ಸರಿಯುತ್ತದೆ, ನೀರಿನಲ್ಲಿ ಬೆರೆತ ಶಾಯಿ ನೇರವಾಗಿ ಬಟ್ಟೆಯ ಮೇಲೆ ಬೀಳುತ್ತದೆ. ಫೋಟೋದಲ್ಲಿ ಎಷ್ಟು ಬಣ್ಣವಿದ್ದರೂ ಸರಿ, ಒಂದೇ ಒಂದು ಅಂಗಿಯಾದರೂ ಸರಿ. ಸ್ಕ್ರೀನ್ ಪ್ರಿಂಟಿಂಗಿನಲ್ಲಾದರೆ ಬಣ್ಣಕ್ಕೊಂದು ಚೌಕಟ್ಟು ಮಾಡಬೇಕು, ಹಾಗಾಗಿ ಒಂದೆರಡು ಅಂಗಿಗೆ ಅದು ಗಿಟ್ಟುವುದಿಲ್ಲ. ಅದೇ, ಒಂದೇ ಚಿತ್ರದ ಇನ್ನೂರು ಅಂಗಿ ಬೇಕೆಂದರೆ ಇವತ್ತಿಗೂ ಸ್ಕ್ರೀನೇ ಅಗ್ಗ. ಇದನ್ನು ಡಿಟಿಜಿ ಮಾರುವವರು ಬಾಯಿ ಬಿಟ್ಟು ಹೇಳುವುದಿಲ್ಲ.

ಬ್ರದರ್ ಕಂಪನಿ 2005ರಲ್ಲಿ ಜಿಟಿ-541 ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲಿ ಬಿಳಿ ಶಾಯಿಯೇ ಇರಲಿಲ್ಲ. ಬಿಳಿ, ತಿಳಿ ಬಣ್ಣದ ಅಂಗಿಗಳಿಗೆ ಮಾತ್ರ ಅದು. ಎಪ್ಸನ್ 2013ರಲ್ಲಿ ತಂದ ಎಫ್2000 ಯಂತ್ರದ ಹೊತ್ತಿಗೆ ಬಿಳಿ ಶಾಯಿ ಸಾಮಾನ್ಯವಾಗಿತ್ತು. ಈ ಬಿಳಿ ಶಾಯಿಯೇ ನಮ್ಮ ಇಡೀ ಕಥೆಯ ನಾಯಕ, ಖಳನಾಯಕ ಎರಡೂ.

ಬಿಳಿ ಶಾಯಿಯ ರಗಳೆ

ಕಪ್ಪು ಅಂಗಿಯ ಮೇಲೆ ಹಳದಿ ಶಾಯಿ ಬಿಟ್ಟರೆ ಅದು ಕಾಣುವುದೇ ಇಲ್ಲ. ಮೊದಲು ಬಿಳಿಯದೊಂದು ಹಾಸು ಹಾಕಿ, ಅದರ ಮೇಲೆ ಬಣ್ಣ ಬಿಡಬೇಕು. ನಮ್ಮ ಗಿರಾಕಿಗಳೋ, ಹತ್ತರಲ್ಲಿ ಏಳೆಂಟು ಜನ ಕಪ್ಪು, ಕಡುನೀಲಿ, ಮರೂನ್ ಬಣ್ಣವನ್ನೇ ಕೇಳುವವರು. ಕೊಳೆ ಕಾಣುವುದಿಲ್ಲವಲ್ಲ!

ಬಿಳಿ ಶಾಯಿಗೆ ಬಿಳುಪು ಕೊಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಪುಡಿ. ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿರುವುದೂ ಇದೇ. ಇದು ಭಾರದ ಪುಡಿ. ನೀರುದೋಸೆ ಹಿಟ್ಟನ್ನು ಕಲಕದೆ ಹಾಗೇ ಬಿಟ್ಟರೆ ಹಿಟ್ಟು ತಳಕ್ಕೆ, ನೀರು ಮೇಲಕ್ಕೆ ಆಗುವುದಿಲ್ಲವೇ? ಪ್ರತಿ ಸೌಟಿಗೂ ಕಲಕಿಯೇ ಹುಯ್ಯಬೇಕು. ಬಿಳಿ ಶಾಯಿಯದೂ ಥೇಟ್ ಅದೇ ಗುಣ. ಆದರೆ ಶಾಯಿ ಹೊರಬರುವ ರಂಧ್ರಗಳು ತಲೆಕೂದಲಿನ ದಪ್ಪಕ್ಕಿಂತ ಸಣ್ಣವು. ಪುಡಿ ಕೊಳವೆಯಲ್ಲಿ ಕೂತಿತೋ, ರಂಧ್ರದ ಬಾಯಲ್ಲಿ ಶಾಯಿ ಒಣಗಿತೋ, ಕೆಲಸ ಕೆಟ್ಟಿತು. ರಂಧ್ರಗಳಿರುವ ಭಾಗಕ್ಕೆ ಹೆಡ್ ಅನ್ನುತ್ತಾರೆ. ಯಂತ್ರದಲ್ಲಿ ಅತಿ ದುಬಾರಿಯಾದ, ಅತಿ ಸೂಕ್ಷ್ಮವಾದ ಅಂಗ ಅದು.

ಹೀಗಾಗಿ ಡಿಟಿಜಿ ಕೊಳ್ಳುವುದೆಂದರೆ ಮನೆಯಲ್ಲಿ ಕರೆಯುವ ಹಸು ಕಟ್ಟಿದ ಹಾಗೆ. ಆರ್ಡರು ಇರಲಿ ಬಿಡಲಿ, ದಿನಾ ಬೆಳಿಗ್ಗೆ ಅದರ ಮುಖ ನೋಡಲೇಬೇಕು. ಶಾಯಿಯ ಬಾಟಲಿಯನ್ನೋ ಕಾರ್ಟ್ರಿಜನ್ನೋ ಅಲುಗಾಡಿಸಬೇಕು, ಹೆಡ್ಡಿನ ಅಂಚು ಒರೆಸಬೇಕು, ಒಂದು ಪರೀಕ್ಷಾ ಮುದ್ರಣ ತೆಗೆದು ಗೆರೆಗಳು ತುಂಡಾಗಿವೆಯೇ ನೋಡಬೇಕು. ನಾಲ್ಕು ದಿನ ತವರಿಗೆ ಹೋಗುತ್ತೀರಾ? ಮನೆಯಲ್ಲಿ ಇನ್ನೊಬ್ಬರಿಗೆ ಈ ಕೆಲಸ ಕಲಿಸಿ ಹೋಗಬೇಕು. ಹೆಚ್ಚು ದಿನವಾದರೆ ಕಂಪನಿ ಹೇಳಿದ ಪ್ರಕಾರ ಶಾಯಿ ತೆಗೆದು ತೊಳೆಯುವ ದ್ರಾವಣ ತುಂಬಿಸಿ ಹೋಗಬೇಕು. ಬಾಣಂತನ, ಮದುವೆ, ಮಕ್ಕಳ ಪರೀಕ್ಷೆ ಎಂದು ವರ್ಷಕ್ಕೆ ಮೂರು ನಾಲ್ಕು ಸಲ ಮನೆ ಬೀಗ ಹಾಕುವ ಸಂಸಾರಕ್ಕೆ ಇದು ಒಗ್ಗುವ ಯಂತ್ರವಲ್ಲ, ನಿಷ್ಠುರವಾಗಿ ಹೇಳಿಬಿಡುತ್ತೇನೆ.

ಆದ್ದರಿಂದ ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಬೆಲೆಯದಲ್ಲ. "ಬಿಳಿ ಶಾಯಿಯನ್ನು ಯಂತ್ರ ತಾನೇ ಸುತ್ತಿಸುತ್ತದೆಯೋ, ನಾನು ಅಲುಗಾಡಿಸಬೇಕೋ?" ಎಂದು ಕೇಳಿ. ಶಾಯಿಯನ್ನು ಕೊಳವೆಯಲ್ಲಿ ತಾನಾಗಿ ತಿರುಗಿಸುತ್ತಿರುವ ವ್ಯವಸ್ಥೆ ಇರುವ ಯಂತ್ರಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಆ ವ್ಯವಸ್ಥೆ ಹೆಡ್ಡಿನವರೆಗೂ ಹೋಗುತ್ತದೋ ಅಥವಾ ಟ್ಯಾಂಕಿನೊಳಗೆ ಮಾತ್ರವೋ ಎಂದೂ ಕೇಳಿ. ಉತ್ತರ ತಡವರಿಸಿದರೆ ಅರ್ಥ ಮಾಡಿಕೊಳ್ಳಿ.

ಹತ್ತಿಯೋ, ಪಾಲಿಯೆಸ್ಟರೋ?

ಇಲ್ಲೊಂದು ಹಳ್ಳ ಇದೆ, ಬಹಳ ಜನ ಬೀಳುವುದು ಇಲ್ಲೇ. ಡಿಟಿಜಿ ಶಾಯಿ ಹತ್ತಿಗೆ ಒಲಿದ ಶಾಯಿ. ಪೂರ್ತಿ ಹತ್ತಿಯ ಬನಿಯನ್ ಬಟ್ಟೆಯ ಮೇಲೆ ಚಿತ್ರ ಎಷ್ಟು ಮೆತ್ತಗೆ ಕೂರುತ್ತದೆಂದರೆ, ಅದರಲ್ಲೂ ಬಿಳಿ ಅಂಗಿಯಾದರೆ, ಕೈಯಾಡಿಸಿದರೆ ಗೊತ್ತೇ ಆಗುವುದಿಲ್ಲ. ಬೇರೆ ಯಾವ ವಿಧಾನಕ್ಕೂ ಈ ಸುಖ ಇಲ್ಲ. ಆದರೆ ಶಾಲೆಯ ಆಟೋಟಕ್ಕೆ, ಕಬಡ್ಡಿ ಕ್ರಿಕೆಟ್ ತಂಡಕ್ಕೆ ಕೇಳುವ ಹೊಳೆಯುವ ಜೆರ್ಸಿ ಪಾಲಿಯೆಸ್ಟರಿನದು. ಅದರ ಮೇಲೆ ಡಿಟಿಜಿ ಸರಿಯಾಗಿ ನಿಲ್ಲದು, ಅಂಗಿಯ ಬಣ್ಣವೇ ಬಿಳಿ ಶಾಯಿಗೆ ಏರಿ ಚಿತ್ರ ಮಂಕಾಗುವುದೂ ಉಂಟು. ಪಾಲಿಯೆಸ್ಟರಿಗೆಂದೇ ಬೇರೆ ದ್ರಾವಣಗಳು ಬಂದಿವೆ, ಆದರೆ ಹೊಸಬರಿಗೆ ಆ ತಲೆನೋವು ಬೇಡ. ನಿಮ್ಮ ಊರಿನ ಆರ್ಡರುಗಳಲ್ಲಿ ಮುಕ್ಕಾಲು ಪಾಲು ಶಾಲೆ, ಕ್ರೀಡಾ ಸಂಘಗಳದ್ದಾದರೆ ಈ ಯಂತ್ರದ ಆಸೆಯನ್ನು ಇಲ್ಲಿಗೇ ಬಿಡಿ.

ಹಾಗಾದರೆ ಅವರಿಗೆ ಏನು? ತಿಳಿ ಬಣ್ಣದ ಪಾಲಿಯೆಸ್ಟರಿಗೆ ಸಬ್ಲಿಮೇಷನ್ ಎಂಬ ವಿಧಾನವಿದೆ. ಎಲ್ಲ ಬಟ್ಟೆಗೂ ನಡೆಯುವುದು ಡಿಟಿಎಫ್. ಇದರಲ್ಲಿ ಚಿತ್ರವನ್ನು ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಅದರ ಮೇಲೆ ಅಂಟಿನ ಪುಡಿ ಉದುರಿಸಿ ಕಾಯಿಸುತ್ತಾರೆ. ಆಮೇಲೆ ಅಂಗಿಯ ಮೇಲಿಟ್ಟು ಬಿಸಿ ಒತ್ತಿದರೆ ಅಂಟಿಕೊಳ್ಳುತ್ತದೆ. ಹತ್ತಿ, ಪಾಲಿಯೆಸ್ಟರ್, ಕಪ್ಪು, ಬಿಳುಪು ಯಾವ ಭೇದವೂ ಇಲ್ಲ. ಒಂದೇ ಕೊರತೆ ಎಂದರೆ ದೊಡ್ಡ ಚಿತ್ರವಾದರೆ ಎದೆಯ ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿದ ಹಾಗೆ ಅನ್ನಿಸುತ್ತದೆ, ಗಾಳಿಯಾಡುವುದಿಲ್ಲ. ನಮ್ಮ ಏಪ್ರಿಲ್ ಮೇ ಸೆಕೆಗೆ ಅದು ಹಿತವಲ್ಲ.

ಆದರೆ ಡಿಟಿಎಫ್‌ನಲ್ಲಿ ಗೃಹಿಣಿಯರಿಗೆ ಒಂದು ದೊಡ್ಡ ಅನುಕೂಲವಿದೆ. ಹಾಳೆಯನ್ನು ಬೇರೆಯವರಿಂದ ಮೀಟರ್ ಲೆಕ್ಕದಲ್ಲಿ ಮುದ್ರಿಸಿ ತರಿಸಬಹುದು. ಬೆಂಗಳೂರು, ತಿರುಪ್ಪೂರುಗಳಲ್ಲಿ ಇದೇ ಕೆಲಸ ಮಾಡುವವರಿದ್ದಾರೆ, ಕೊರಿಯರಿನಲ್ಲಿ ಕಳಿಸುತ್ತಾರೆ. ಒಂದು ಮೀಟರ್ ಹಾಳೆಯಲ್ಲಿ ಬೇರೆ ಬೇರೆ ಗಿರಾಕಿಗಳ ಚಿತ್ರಗಳನ್ನು, ಹೋಳಿಗೆ ತಟ್ಟೆಯಲ್ಲಿ ಜೋಡಿಸಿದ ಹಾಗೆ, ಜಾಗ ಬಿಡದೆ ಜೋಡಿಸಿಕೊಳ್ಳಬಹುದು. ನಿಮ್ಮ ಮನೆಯಲ್ಲಿ ಬೇಕಾದದ್ದು ಹತ್ತಿಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುವ ಒಂದು ಹೀಟ್ ಪ್ರೆಸ್ ಮಾತ್ರ. ಮೊದಲ ಆರು ತಿಂಗಳು ಹೀಗೇ ನಡೆಸಿ ನೋಡಿ ಎಂದು ನಾನು ಹೇಳುತ್ತೇನೆ. ಹೀಟ್ ಪ್ರೆಸ್ ದಂಡವಾಗುವುದಿಲ್ಲ, ನಾಳೆ ಡಿಟಿಜಿ ತಂದರೂ ಅದು ಬೇಕೇ ಬೇಕು.

ತಿಂಗಳಿಗೆ ಎಷ್ಟು ಅಂಗಿ?

ಆರು ತಿಂಗಳು ಹೀಗೆ ನಡೆಸುವಾಗ ಒಂದು ನೋಟ್‌ಬುಕ್ ಇಡಿ. ಅಡಿಗೆ ಮನೆಯ ಹಾಲಿನ ಲೆಕ್ಕದ ಪುಸ್ತಕ ಇದ್ದ ಹಾಗೆ. ಎಷ್ಟು ಅಂಗಿ ಹೋಯಿತು, ಯಾವ ಬಣ್ಣ, ಯಾವ ಬಟ್ಟೆ, ಒಂದೊಂದೇ ಅಂಗಿಯ ಆರ್ಡರು ಎಷ್ಟು, ಒಟ್ಟಿಗೆ ಬಂದದ್ದು ಎಷ್ಟು. ಆ ಪುಸ್ತಕವೇ ನಿಮಗೆ ಯಂತ್ರ ಬೇಕೋ ಬೇಡವೋ ಹೇಳುತ್ತದೆ.

ಲೆಕ್ಕ ಹೇಗೆ ಹಾಕಬೇಕು ಎಂಬುದಕ್ಕೆ ಒಂದು ಮಾದರಿ ಕೊಡುತ್ತೇನೆ. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ದರ ಹಾಕಿಕೊಳ್ಳಿ. ಖಾಲಿ ಅಂಗಿಗೆ 170 ರೂಪಾಯಿ. ಕಪ್ಪು ಅಂಗಿಗೆ ಬಿಳಿ, ಬಣ್ಣ ಸೇರಿ 10 ಮಿಲಿಲೀಟರ್ ಶಾಯಿ ಹೋಯಿತು, ಮಿಲಿಲೀಟರಿಗೆ 8 ರೂಪಾಯಿ ಬಿತ್ತು ಅಂದರೆ 80 ರೂಪಾಯಿ. ಮುದ್ರಣಕ್ಕೆ ಮುಂಚೆ ಸಿಂಪಡಿಸುವ ದ್ರಾವಣಕ್ಕೆ 15, ಕರೆಂಟು ಮತ್ತು ಪ್ಯಾಕಿಂಗಿಗೆ 15, ಹಾಳಾಗುವ ಅಂಗಿಗಳ ಬಾಬ್ತು 20. ಒಟ್ಟು 300. ನೀವು 450ಕ್ಕೆ ಮಾರಿದರೆ ಉಳಿಯುವುದು 150. ಇನ್ನು ಯಂತ್ರದ ಬಾಬ್ತು. ಯಂತ್ರ, ಪ್ರೆಸ್ ಎಲ್ಲ ಸೇರಿ 6 ಲಕ್ಷವಾಯಿತು, ಅದು ಮೂರು ವರ್ಷದಲ್ಲಿ ವಸೂಲಾಗಬೇಕು ಎಂದಿಟ್ಟುಕೊಂಡರೆ ತಿಂಗಳಿಗೆ ಸುಮಾರು 17,000. ಬಡ್ಡಿ, ತೊಳೆಯುವ ದ್ರಾವಣ, ಫಿಲ್ಟರು ಮುಂತಾದವಕ್ಕೆ 5,000. ಅಲ್ಲಿಗೆ 22,000 ಆಯಿತು. ಅದನ್ನು 150ರಿಂದ ಭಾಗಿಸಿ. ತಿಂಗಳಿಗೆ 147 ಅಂಗಿ ಹೋದರೆ ಯಂತ್ರದ ಸಾಲ ತೀರುತ್ತದೆ ಅಷ್ಟೆ, 148ನೆಯ ಅಂಗಿಯಿಂದ ನಿಮ್ಮ ಕೈಗೆ ಕಾಸು. ದಿನಕ್ಕೆ ಐದಾರು ಅಂಗಿ, ಮಳೆಗಾಲದಲ್ಲೂ, ಆಷಾಢದಲ್ಲೂ. ನಿಮ್ಮ ನೋಟ್‌ಬುಕ್ಕಿನಲ್ಲಿ ತಿಂಗಳಿಗೆ ನಲವತ್ತು ಐವತ್ತು ಅಂಗಿ ಕಂಡರೆ ಇನ್ನೂ ಕಾಲ ಬಂದಿಲ್ಲ.

ಕಂಪನಿಯವರು ಹೇಳುವ ಶಾಯಿ ಖರ್ಚನ್ನು ನಂಬಿ ಕೂರಬೇಡಿ. ಅವರು ತೋರಿಸುವುದು ಸಾಮಾನ್ಯವಾಗಿ ಬಿಳಿ ಅಂಗಿಯ ಮೇಲಿನ ಸಣ್ಣ ಚಿತ್ರ. ಅದರ ಜೊತೆಗೆ ಯಂತ್ರ ತನ್ನನ್ನು ತಾನೇ ತೊಳೆದುಕೊಳ್ಳಲು ದಿನವೂ ಚೆಲ್ಲುವ ಶಾಯಿಯೊಂದಿದೆ, ಅದು ಯಾವ ಅಂಗಿಯ ಲೆಕ್ಕಕ್ಕೂ ಬರುವುದಿಲ್ಲ. ಕೆಲಸ ಕಡಿಮೆ ಇದ್ದಷ್ಟೂ ಈ ವ್ಯರ್ಥ ಖರ್ಚು ಅಂಗಿಯೊಂದಕ್ಕೆ ಹೆಚ್ಚು ಬೀಳುತ್ತದೆ.

ಅಗ್ಗದ ಯಂತ್ರ, ಬ್ರ್ಯಾಂಡಿನ ಯಂತ್ರ

ಮಾರುಕಟ್ಟೆಯಲ್ಲಿ ಎರಡು ಜಾತಿಯವು ಸಿಗುತ್ತವೆ. ಎಪ್ಸನ್, ಬ್ರದರ್ ಮುಂತಾದವರು ಬಟ್ಟೆಗೆಂದೇ ತಯಾರಿಸಿದವು ಒಂದು ಜಾತಿ. ಬೆಲೆ ಹಲವು ಲಕ್ಷ. ಇನ್ನೊಂದು, ಫೋಟೋ ಮುದ್ರಿಸುವ ಯಂತ್ರವನ್ನೇ ಬಿಚ್ಚಿ ಹಲಗೆ ಕೂರಿಸಿ ಮಾರ್ಪಡಿಸಿದವು, ಅಥವಾ ಎಕ್ಸ್‌ಪಿ600, ಐ3200 ಎಂಬ ಹೆಸರಿನ ಹೆಡ್ಡುಗಳನ್ನು ಹಾಕಿ ಬೇರೆಯವರು ಜೋಡಿಸಿದವು. ಬೆಲೆ ಬಹಳ ಕಡಿಮೆ. ಮಾರ್ಪಡಿಸಿದ ಯಂತ್ರವೆಂದರೆ ಕೆಟ್ಟದ್ದು ಎಂದೇನೂ ಅಲ್ಲ. ರಿಪೇರಿಯಲ್ಲಿ ಕೈಯಾಡಿಸಬಲ್ಲ ಮಗನೋ ಮೈದುನನೋ ಮನೆಯಲ್ಲಿದ್ದರೆ ಅದರಲ್ಲೇ ದುಡಿಯುವವರೂ ಇದ್ದಾರೆ. ಆದರೆ ಸ್ಕ್ರೂಡ್ರೈವರ್ ಹಿಡಿಯುವವರೇ ಇಲ್ಲದ ಮನೆಗೆ ಅದು ಬೇಡ. ಎಕ್ಸ್‌ಪಿ600 ಹೆಡ್ ಅಗ್ಗ, ಬಾಳಿಕೆಯೂ ಕಡಿಮೆ. ಐ3200 ದುಬಾರಿ, ಬಾಳಿಕೆ ಹೆಚ್ಚು. ಯಾವುದಿದೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಎಪ್ಸನ್‌ನ ಕೆಲವು ಹೊಸ ಮಾದರಿಗಳು ಅಂಗಿಯ ಮೇಲೆ ಮಾತ್ರವಲ್ಲದೆ ಡಿಟಿಎಫ್ ಹಾಳೆಯ ಮೇಲೂ ಮುದ್ರಿಸುತ್ತವೆ. ಹತ್ತಿಗೂ ಜೆರ್ಸಿಗೂ ಒಂದೇ ಯಂತ್ರ ಸಾಕಾಗುವುದರಿಂದ ಸಣ್ಣ ಊರಿಗೆ ಇದು ಒಳ್ಳೆಯ ಆಯ್ಕೆ ಎಂದು ನನ್ನ ಅಭಿಪ್ರಾಯ.

ವಾರಂಟಿ ಕಾಗದವನ್ನು ಬಿಡುವು ಮಾಡಿಕೊಂಡು ಓದಿ. ಬಹಳಷ್ಟು ಕಡೆ ಹೆಡ್ಡಿಗೆ ವಾರಂಟಿ ಇರುವುದಿಲ್ಲ, ಇದ್ದರೂ ಬೇರೆ ಶಾಯಿ ಬಳಸಿದರೆ ಹೋಗಿಬಿಡುತ್ತದೆ. ಇಂಜಿನಿಯರು ಎಲ್ಲಿಂದ ಬರುತ್ತಾರೆ? ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ? ಬರುವ ಖರ್ಚು ಯಾರದು? ಗಣೇಶನ ಹಬ್ಬಕ್ಕೆ ನಾಲ್ಕು ದಿನ ಇರುವಾಗ ಯಂತ್ರ ನಿಂತರೆ, ಹಬ್ಬ ಮುಗಿದ ಮೇಲೆ ಬರುವ ಇಂಜಿನಿಯರಿನಿಂದ ಏನು ಪ್ರಯೋಜನ? ಚಿತ್ರ ಕಳಿಸುವ ಸಾಫ್ಟ್‌ವೇರ್ ಜೊತೆಗೇ ಕೊಡುತ್ತಾರೋ, ವರ್ಷವರ್ಷ ಹಣ ಕಟ್ಟಬೇಕೋ? ಮಕ್ಕಳ ಅಂಗಿಯ ಸಣ್ಣ ಹಲಗೆ ಬೆಲೆಯಲ್ಲಿ ಸೇರಿದೆಯೋ? ದೊಡ್ಡವರ ಹಲಗೆ ಸಾಮಾನ್ಯವಾಗಿ 14 ಇಂಚು ಅಗಲ, 16 ಇಂಚು ಉದ್ದ ಇರುತ್ತದೆ, ಎರಡು ವರ್ಷದ ಮಗುವಿನ ಅಂಗಿ ಅದಕ್ಕೆ ತೊಡಿಸಲು ಬಾರದು. ಹೇಳಿದ ಬೆಲೆಯಲ್ಲಿ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದೂ ಮುಖ್ಯ.

ಅಂಗಡಿಗೆ ಹೋಗುವಾಗ ನಿಮ್ಮದೇ ಮೂರು ಅಂಗಿ ಒಯ್ಯಿರಿ. ಒಂದು ಬಿಳಿ, ಎರಡು ಕಪ್ಪು, ನೀವು ದಿನಾ ಮಾರುವ ಗುಣಮಟ್ಟದವು. ಅವರ ಅಂಗಿಯ ಮೇಲೆ ಅವರ ಚಿತ್ರ ಚೆನ್ನಾಗಿಯೇ ಬರುತ್ತದೆ, ಅದರಲ್ಲೇನು ಅಚ್ಚರಿ? ನಿಮ್ಮ ಅಂಗಿಯ ಮೇಲೆ, ವಾಟ್ಸಾಪಿನಲ್ಲಿ ಬಂದ ಗಿರಾಕಿಯ ಫೋಟೋ ಹಾಕಿಸಿ. ಕೈಗಡಿಯಾರ ನೋಡಿಕೊಳ್ಳಿ. ದ್ರಾವಣ ಸಿಂಪಡಿಸಿದ್ದರಿಂದ ಹಿಡಿದು ಪ್ರೆಸ್ಸಿನಿಂದ ತೆಗೆಯುವ ತನಕ ಒಂದು ಕಪ್ಪು ಅಂಗಿಗೆ ಎಷ್ಟು ನಿಮಿಷ ಹಿಡಿಯಿತು? ಮನೆಗೆ ತಂದು ಒಂದು ದಿನ ಬಿಟ್ಟು ಐದಾರು ಸಲ ಒಗೆದು ನೋಡಿ, ಆಮೇಲೆ ಮುಂಗಡದ ಮಾತು.

ಕನ್ನಡ ಅಕ್ಷರವನ್ನೂ ಹಾಕಿಸಿ ನೋಡುವುದನ್ನು ಮರೆಯಬೇಡಿ. ಕೆಲವು ಸಾಫ್ಟ್‌ವೇರುಗಳಲ್ಲಿ ಒತ್ತಕ್ಷರ ಬಿಟ್ಟುಹೋಗಿ ಪಕ್ಕಕ್ಕೆ ಬಂದು ಕೂರುತ್ತದೆ. ಅಂಥ ಕಡೆ ಬರಹವನ್ನು ಮೊದಲೇ ಚಿತ್ರವಾಗಿ ಮಾಡಿಕೊಂಡು ಹಾಕಬೇಕು. ನೂರು ಅಂಗಿಯ ಮೇಲೆ 'ಅಣ್ಣ' ಎಂಬುದು ಮುರಿದು ಬಂದರೆ ಯಾರು ತಾನೇ ದುಡ್ಡು ಕೊಟ್ಟಾರು?

ಮನೆಯಲ್ಲಿ ಎಲ್ಲಿಡುವುದು?

ಒಗ್ಗರಣೆಯ ಹೊಗೆ, ಊದುಬತ್ತಿಯ ಹೊಗೆ, ಬೀದಿಯ ಧೂಳು ಮೂರೂ ಬಾರದ ಕೋಣೆ ಬೇಕು. ಗಾಳಿಯಲ್ಲಿನ ತೇವ ಸಾಮಾನ್ಯವಾಗಿ ಶೇಕಡಾ 40ರಿಂದ 60ರ ಆಸುಪಾಸು ಇದ್ದರೆ ಯಂತ್ರಕ್ಕೆ ಹಿತ. ತೇವ ತೋರಿಸುವ ಸಣ್ಣ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯ ಒಣ ಗಾಳಿಗೆ ಹೆಡ್ ಬೇಗ ಒಣಗುತ್ತದೆ, ಫ್ಯಾನಿನ ಕೆಳಗಂತೂ ಇಡಲೇಬಾರದು. ಕರಾವಳಿ, ಮಲೆನಾಡಿನವರಿಗೆ ತದ್ವಿರುದ್ಧ ಕಷ್ಟ. ಜುಲೈ ತಿಂಗಳಲ್ಲಿ ಅಂಗಿಯೇ ತೇವ ಕುಡಿದಿರುತ್ತದೆ, ಮುದ್ರಿಸುವ ಮುಂಚೆ ಪ್ರೆಸ್ಸಿನಲ್ಲಿ ಕೆಲವು ಸೆಕೆಂಡು ಒತ್ತಿ ತೇವ ಹಾರಿಸಬೇಕು.

ಕಪ್ಪು ಅಂಗಿಗೆ ಸಿಂಪಡಿಸುವ ದ್ರಾವಣದಲ್ಲಿ ಲವಣ ಇರುತ್ತದೆ. ಬಿಳಿ ಶಾಯಿ ಬಟ್ಟೆಯೊಳಗೆ ಇಂಗಿಹೋಗದೆ ಮೇಲೆಯೇ ಹೆಪ್ಪುಗಟ್ಟಲಿ ಎಂದು ಅದನ್ನು ಹಾಕುತ್ತಾರೆ. ಸಿಂಪಡಿಸುವಾಗ ಮುಖಗವಸು ಹಾಕಿಕೊಳ್ಳಿ, ಕಿಟಕಿ ತೆರೆದಿಡಿ, ಮಕ್ಕಳನ್ನು ಹತ್ತಿರ ಬಿಡಬೇಡಿ, ಯಂತ್ರದ ಪಕ್ಕದಲ್ಲಿ ಸಿಂಪಡಿಸಬೇಡಿ. ಕಾಯಿಸಿದಾಗ ಹುಳಿ ವಾಸನೆ ಬರುವುದುಂಟು, ಚಿತ್ರದ ಸುತ್ತ ಚೌಕಾಕಾರದ ಕಲೆಯೂ ಕಾಣಬಹುದು. ಒಂದು ಸಲ ಒಗೆದರೆ ಸಾಮಾನ್ಯವಾಗಿ ಎರಡೂ ಹೋಗುತ್ತವೆ. ಇದನ್ನು ಗಿರಾಕಿಗೆ ಮೊದಲೇ ಹೇಳಿಬಿಟ್ಟರೆ ಜಗಳ ತಪ್ಪುತ್ತದೆ. ಶಾಯಿ ಗಟ್ಟಿಯಾಗಲು ಪ್ರೆಸ್ಸಿನಲ್ಲಿ ಸುಮಾರು 160 ಡಿಗ್ರಿ ಶಾಖ ಬೇಕು, ಹೊತ್ತು ಎಷ್ಟು ಎಂಬುದನ್ನು ಶಾಯಿ ಕಂಪನಿಯ ಚೀಟಿಯಂತೆಯೇ ಮಾಡಿ. ಅವಸರದಲ್ಲಿ ಅರೆ ಬೆಂದ ಶಾಯಿ ಎರಡನೇ ಒಗೆತಕ್ಕೇ ಎದ್ದುಹೋಗುತ್ತದೆ. ಪ್ರೆಸ್ಸಿಗೆ ಮನೆಯ ದೊಡ್ಡ ಪ್ಲಗ್ಗೇ ಬೇಕು, ಸಾಮಾನ್ಯ ಮನೆಯ ಇನ್ವರ್ಟರಿನಲ್ಲಿ ಅದು ನಡೆಯದು. ಯಂತ್ರಕ್ಕಾದರೂ ಒಂದು ಯುಪಿಎಸ್ ಇರಲಿ, ನಡುವೆ ಕರೆಂಟು ಹೋದರೆ ಆ ಅಂಗಿ ಒರೆಸುವ ಬಟ್ಟೆಯಾದ ಹಾಗೇ.

ಪ್ರತಿ ಅಂಗಿಯ ಜೊತೆ ಒಂದು ಚೀಟಿ ಇಡಿ: ಮೊದಲ ಒಗೆತ 24 ಗಂಟೆ ಕಳೆದ ಮೇಲೆ, ಒಳಮಗ್ಗುಲು ತಿರುಗಿಸಿ ತಣ್ಣೀರಿನಲ್ಲಿ ಒಗೆಯಿರಿ, ಕಲ್ಲಿಗೆ ಬಡಿಯಬೇಡಿ, ಚಿತ್ರದ ಮೇಲೆ ನೇರವಾಗಿ ಇಸ್ತ್ರಿ ಬೇಡ.

ಸಿನಿಮಾ ನಟರ ಚಿತ್ರ, ಕಾರ್ಟೂನು, ಕ್ರಿಕೆಟ್ ತಂಡದ ಲಾಂಛನ ಹಾಕಿಕೊಡಿ ಎಂದು ಹುಡುಗರು ದುಂಬಾಲು ಬೀಳುತ್ತಾರೆ. ಅನುಮತಿಯಿಲ್ಲದೆ ಅವನ್ನು ಮಾರುವುದು 1957ರ ಕೃತಿಸ್ವಾಮ್ಯ ಕಾಯಿದೆ, 1999ರ ಟ್ರೇಡ್ ಮಾರ್ಕ್ ಕಾಯಿದೆಗಳ ಅಡಿ ತೊಂದರೆಗೆ ದಾರಿ. ಊರಿನ ಕೋಟೆ, ಕೆರೆ, ಮನೆಯ ಅಜ್ಜಿಯ ಭಾವಚಿತ್ರ, ನಮ್ಮ ಆಡುಮಾತಿನ ತಮಾಷೆ ನುಡಿಗಳು ಇವಕ್ಕೇನು ಕಡಿಮೆಯೇ?

ಸಾಲ ಬೇಕೆಂದರೆ 2015ರಲ್ಲಿ ಶುರುವಾದ ಮುದ್ರಾ ಯೋಜನೆಯನ್ನು ಬ್ಯಾಂಕಿನಲ್ಲಿ ವಿಚಾರಿಸಿ. ಶಿಶು ಎಂಬ ಹೆಸರಿನಲ್ಲಿ 50,000ದವರೆಗೆ, ಕಿಶೋರ ಎಂಬ ಹೆಸರಿನಲ್ಲಿ 5 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೊಡುವ ವ್ಯವಸ್ಥೆ ಅದು. ಪ್ರೆಸ್ಸಿಗೂ ಮೊದಲ ಅಂಗಿಗಳಿಗೂ ಶಿಶು ಸಾಲವೇ ಸಾಕು. ಮೊದಲು ಅದನ್ನು ತೀರಿಸಿದ ಖಾತೆ ತೋರಿಸಿದರೆ ಮುಂದಿನ ಸಾಲಕ್ಕೆ ಮ್ಯಾನೇಜರರ ಮುಖವೂ ಸ್ವಲ್ಪ ಸಡಿಲವಾಗುತ್ತದೆ.

ಇನ್ನು ಹಳೇ ಯಂತ್ರದ ವಿಚಾರ. ಉತ್ಸಾಹದಲ್ಲಿ ತಂದು ವರ್ಷದೊಳಗೆ ಮಾರುವವರು ಇರುವುದರಿಂದ ಸೆಕೆಂಡ್ ಹ್ಯಾಂಡ್ ಡಿಟಿಜಿ ಸಿಗುತ್ತವೆ. ತೀರ ಅಗ್ಗ ಕಂಡರೆ ಅದು ಎಷ್ಟು ದಿನದಿಂದ ನಿಂತಿದೆ ಎಂದು ಕೇಳಿ. ತಿಂಗಳುಗಟ್ಟಲೆ ಬಿಳಿ ಶಾಯಿ ತುಂಬಿಕೊಂಡು ನಿಂತ ಯಂತ್ರಕ್ಕೆ ಹೆಡ್, ಕೊಳವೆ, ಪಂಪು ಎಲ್ಲ ಹೊಸದು ಹಾಕಬೇಕಾಗಿ ಬಂದರೆ ಅಗ್ಗವೇ ದುಬಾರಿಯಾಗುತ್ತದೆ. ನೋಡಲು ಹೋಗುವುದಾದರೆ ಮುಂಚಿತವಾಗಿ ತಿಳಿಸದೆ, ಬೆಳಿಗ್ಗೆ ಬೇಗ ಹೋಗಿ. ಅವರು ಯಂತ್ರವನ್ನು ತೊಳೆದು ಸಿದ್ಧ ಮಾಡುವ ಮೊದಲೇ, ನಿಮ್ಮ ಎದುರಿಗೇ ಸ್ವಿಚ್ ಹಾಕಿಸಿ ಪರೀಕ್ಷಾ ಮುದ್ರಣ ತೆಗೆಸಿ. ಬಿಳಿ ಶಾಯಿಯ ಗೆರೆಗಳು ಕಾಣಬೇಕಾದರೆ ಕಪ್ಪು ಬಟ್ಟೆ ಅಥವಾ ಪಾರದರ್ಶಕ ಹಾಳೆ ಬೇಕು, ಅದನ್ನು ಮನೆಯಿಂದಲೇ ಒಯ್ಯಿರಿ.